ಒಯ್ದಷ್ಟೂ ಮರಳಿ ತಂದವನ ಮಗನಿಗೆ

ಬೆಳಗಾವಿ
ರವಿವಾರ ರಾತ್ರಿ

ಪ್ರೀತಿಯ ತಮ್ಮಾ,

ನೀನು ಫೋನ್ ಇಟ್ಟ ಮೇಲೆ ಅವ್ವ ಬಹಳ ಹೊತ್ತು ಪಡಸಾಲೆಯಲ್ಲೇ ಕೂತಿದ್ದಳು. ಶ್ರಾವಣದ ಮಳೆ ಮೂರು ದಿನದಿಂದ ಬಿಟ್ಟಿಲ್ಲ. "ಅವನ ದನಿ ಒಡದೈತಿ, ಥಂಡಿ ಹತ್ತೇತೇನೋ" ಎಂದಳು. ನಾನು ಹೂಂ ಅಂದೆ. ಅದು ಥಂಡಿಯಲ್ಲ ಎಂದು ನನಗೆ ಗೊತ್ತಿತ್ತು. ಮುಂದಿನ ವಾರ ನೀನು ಹೋಗುವ ಜಿಲ್ಲೆಯನ್ನು ಸರ್ಕಾರ 'ಪ್ರಕ್ಷುಬ್ಧ ಪ್ರದೇಶ' ಎಂದು ಘೋಷಿಸಿದೆ. ಆ ಶಬ್ದವನ್ನು ಅವ್ವನಿಗೆ ನಾನಿನ್ನೂ ಹೇಳಿಲ್ಲ. ಅಲ್ಲಿ ಗುಡ್ಡಗಳಿವೆ, ಮಳೆ ನಮ್ಮಲ್ಲಿಗಿಂತ ಹೆಚ್ಚು ಎಂದಷ್ಟೇ ಹೇಳಿದ್ದೇನೆ.

ಫೋನಿನಲ್ಲಿ ನೀನು ಕೇಳಿದ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಪೊಲೀಸರ ಕೈಲೆ ಆಗದಿದ್ದಾಗನ ನಮ್ಮನ್ನ ಕರೀತಾರ ಅಕ್ಕಾ. ಕರದ ಮ್ಯಾಲ ನಮ್ಮ ಕೈ ಯಾಕ ಕಟ್ಟತಾರ?"

ಹದಿನೈದು ವರ್ಷದಿಂದ ಕೋರ್ಟಿಗೆ ಹೋಗುತ್ತಿದ್ದೇನೆ. ಕಕ್ಷಿದಾರ ಯಾರಾದರೂ ಇದನ್ನು ಕೇಳಿದ್ದರೆ ಕಲಂ ಸಂಖ್ಯೆ ಹೇಳಿ ಕಳಿಸುತ್ತಿದ್ದೆ. ಕೇಳಿದವನು ನೀನು. ನೀನು ಹುಟ್ಟಿದಾಗ ನನಗೆ ಹದಿನೈದು. ಅವ್ವ ಹೊಲಕ್ಕೆ ಹೋದಾಗ ನಿನ್ನನ್ನು ಟೊಂಕದ ಮೇಲೆ ಹೊತ್ತುಕೊಂಡು ಪಾಠ ಬಾಯಿಪಾಠ ಮಾಡಿದವಳು ನಾನು. ಜೂನ್‌ನಲ್ಲಿ ಡೆಹ್ರಾಡೂನಿನಲ್ಲಿ ನಿನ್ನ ಒಂದು ಭುಜಕ್ಕೆ ಅವ್ವ, ಇನ್ನೊಂದಕ್ಕೆ ನಾನು ನಕ್ಷತ್ರ ಹಾಕಿದಾಗ, ಅಪ್ಪ ಇರಬೇಕಾಗಿತ್ತು ಎಂದು ಮೂವರೂ ಒಟ್ಟಿಗೇ ಅಂದುಕೊಂಡೆವು, ಒಬ್ಬರೂ ಬಾಯಿ ಬಿಡಲಿಲ್ಲ. ಆದ್ದರಿಂದ ನಿನ್ನ ಪ್ರಶ್ನೆಗೆ ವಕೀಲಳಾಗಿಯೂ ಅಕ್ಕನಾಗಿಯೂ ಉತ್ತರ ಕೊಡಬೇಕು. ಫೋನಿನಲ್ಲಿ ಆಗುವ ಕೆಲಸವಲ್ಲ ಇದು. ನಿಧಾನವಾಗಿ ಓದು.

ಮೊದಲು ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ನೇರವಾಗಿ ಹೇಳುತ್ತೇನೆ. ನಮ್ಮ ಸಂವಿಧಾನದಲ್ಲಿ ಪೊಲೀಸು, ಸಾರ್ವಜನಿಕ ಸುವ್ಯವಸ್ಥೆ ಎರಡೂ ರಾಜ್ಯಗಳ ಪಟ್ಟಿಯಲ್ಲಿವೆ. ಸೇನೆ ಕೇಂದ್ರದ್ದು. ಕೇಂದ್ರದ ಪಡೆಯನ್ನು ರಾಜ್ಯದೊಳಗೆ ನಿಯೋಜಿಸುವ ವಿಷಯ 1976ರ 42ನೇ ತಿದ್ದುಪಡಿಯಲ್ಲಿ ಕೇಂದ್ರ ಪಟ್ಟಿಗೆ 2ಎ ಎಂಬ ನಮೂದಾಗಿ ಬಂತು. ಅಲ್ಲಿರುವ ಮಾತು 'ನಾಗರಿಕ ಆಡಳಿತದ ನೆರವಿಗಾಗಿ' ಎಂದು. ನೆರವು ಎನ್ನುವ ಶಬ್ದವನ್ನು ನೆನಪಿಡು. ಮದುವೆ ಮನೆಯಲ್ಲಿ ಅಡುಗೆ ಮಾಡಿಕೊಡಲು ಹೋದವರು ಎಷ್ಟೇ ದುಡಿದರೂ ಆ ಮನೆಯ ಯಜಮಾನರಾಗುವುದಿಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1997ರ ನವೆಂಬರ್ 27ರಂದು ನಾಗಾ ಜನರ ಮಾನವ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಇದನ್ನೇ ಹೇಳಿತು. ಸೇನೆ ನಾಗರಿಕ ಆಡಳಿತದ ಜೊತೆ ನಿಂತು ಕೆಲಸ ಮಾಡಬೇಕು, ಅದರ ಜಾಗದಲ್ಲಿ ತಾನು ಕೂರುವಂತಿಲ್ಲ.

ಪ್ರಕ್ಷುಬ್ಧ ಎಂದು ಘೋಷಿಸಿದ ಪ್ರದೇಶ ಬಿಟ್ಟು ದೇಶದ ಉಳಿದೆಡೆ ಈ ನೆರವು ಹೇಗೆ ನಡೆಯುತ್ತದೆ ನೋಡು. ಗುಂಪು ಅಕ್ರಮವಾಗಿ ಸೇರಿದೆ, ಪೊಲೀಸರು ಚದುರಿಸಲು ನೋಡಿದರು, ಆಗಲಿಲ್ಲ. ಆಗ ಜಿಲ್ಲಾ ದಂಡಾಧಿಕಾರಿ, ಅಥವಾ ಅವರು ಅಧಿಕಾರ ಕೊಟ್ಟ ಇನ್ನೊಬ್ಬ ಕಾರ್ಯನಿರ್ವಾಹಕ ದಂಡಾಧಿಕಾರಿ, ಸ್ಥಳದಲ್ಲಿದ್ದುಕೊಂಡು ಸೇನೆಯನ್ನು ಕೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 130ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 149. ಕೇಳಿದ ಮೇಲೆ ಕೆಲಸವನ್ನು ಹೇಗೆ ಮಾಡಬೇಕೆಂಬುದು ನಿನಗೆ ಬಿಟ್ಟದ್ದು. ದಂಡಾಧಿಕಾರಿ ನಿನ್ನ ಜವಾನರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವಂತಿಲ್ಲ. ಆದರೆ ಗುಂಪು ಚದುರಲು ಬೇಕಾದ ಅತ್ಯಂತ ಕಡಿಮೆ ಬಲ, ಜೀವಕ್ಕೂ ಆಸ್ತಿಗೂ ಅತ್ಯಂತ ಕಡಿಮೆ ಹಾನಿ, ಈ ಅಳತೆ ಕಾಯ್ದೆಯಲ್ಲೇ ಇದೆ.

ದಂಡಾಧಿಕಾರಿ ಸಿಗದೇ ಹೋದರೆ? ಅದಕ್ಕೂ 150ನೇ ಕಲಂ ದಾರಿ ಬಿಟ್ಟಿದೆ. ಕಣ್ಣೆದುರಿಗೇ ಜನರ ಸುರಕ್ಷತೆಗೆ ಅಪಾಯವಿದ್ದು ಯಾವ ದಂಡಾಧಿಕಾರಿಯನ್ನೂ ಸಂಪರ್ಕಿಸಲಾಗದಿದ್ದರೆ, ನಿನ್ನಂಥ ಕಮಿಷನ್ಡ್ ಅಧಿಕಾರಿ ತಾನೇ ಮುಂದಾಗಬಹುದು. ಸಂಪರ್ಕ ಸಾಧ್ಯವಾದ ಗಳಿಗೆಯಲ್ಲಿ ಮಾತ್ರ ಅವರನ್ನು ಸಂಪರ್ಕಿಸಲೇಬೇಕು. ಕಾರ್ಯಾಚರಣೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದರಲ್ಲಿ ಅಲ್ಲಿಂದ ಮುಂದೆ ಅವರ ಮಾತು ನಡೆಯಬೇಕು. ಕೈ ಕಟ್ಟುತ್ತಾರೆ ಅಂದೆಯಲ್ಲ, ಕೈಗಳೆಲ್ಲ ನಿನ್ನವೇ ಇರುತ್ತವೆ ತಮ್ಮಾ. ಹೊಣೆಯಲ್ಲಿ ಪಾಲು ತೆಗೆದುಕೊಳ್ಳಲು ಇನ್ನೊಬ್ಬರನ್ನು ಕಾಯ್ದೆ ನಿನ್ನ ಪಕ್ಕದಲ್ಲಿ ನಿಲ್ಲಿಸುತ್ತದೆ.

ಈಗ ಅಪ್ಪನ ಕಥೆ. ನಿನಗೆ ಇದರ ಅರ್ಧ ಮಾತ್ರ ಗೊತ್ತು.

ಅಪ್ಪನ ಎಡಹುಬ್ಬಿನ ಮೇಲಿದ್ದ ಗಾಯದ ಗುರುತನ್ನು ಸಣ್ಣವನಿದ್ದಾಗ ನೀನು ಬೆರಳಿಂದ ಮುಟ್ಟಿ ಮುಟ್ಟಿ, "ಯುದ್ಧದಾಗ ಆಗಿದ್ದೇನು?" ಎಂದು ಕೇಳುತ್ತಿದ್ದೆ. ಅಪ್ಪ, "ಅಲ್ಲೋ, ನಮ್ಮ ಮಂದೀನ ಒಗದಿದ್ದು" ಅನ್ನುತ್ತಿದ್ದ. ನೀನು ನಿರಾಶೆಯಿಂದ ಓಡಿಹೋಗುತ್ತಿದ್ದೆ. ಅದು 1985, ನಾನು ಹುಟ್ಟುವ ಹಿಂದಿನ ವರ್ಷ. ಗುಜರಾತಿನಲ್ಲಿ ಗಲಭೆಯಾಗಿ ಸೇನೆಯನ್ನು ಕರೆಸಿದ್ದರು. ಅಪ್ಪನ ತುಕಡಿಯೂ ಹೋಗಿತ್ತು. ಊರಿನ ಹೆಸರನ್ನು ಅಪ್ಪ ಎಂದೂ ಹೇಳಲಿಲ್ಲ.

ಆಗ ಅಪ್ಪ ಏಳು ವರ್ಷ ನೌಕರಿ ಮಾಡಿದ ಸಿಪಾಯಿ. ಅವತ್ತಿನ ಕೆಲಸ ಬಟ್ಟೆಯ ಫಲಕ ಹಿಡಿಯುವುದು. ಎರಡು ಬಿದಿರುಗೋಲುಗಳ ನಡುವೆ ಬಿಳಿ ಬಟ್ಟೆ, ಅದರ ಮೇಲೆ ಊರಿನವರ ಭಾಷೆಯಲ್ಲಿ ಎಚ್ಚರಿಕೆ. ಒಂದು ಕೋಲು ಅಪ್ಪನ ಕೈಯಲ್ಲಿ, ಇನ್ನೊಂದು ಕೊಲ್ಹಾಪುರದ ಕಡೆಯವನೊಬ್ಬನ ಕೈಯಲ್ಲಿ. ಇಬ್ಬರಿಗೂ ಆ ಲಿಪಿ ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕಹಳೆ ಊದುವವನು, ಮೇಜರ್ ಸಾಹೇಬರು, ಮತ್ತೆ ಕಂಕುಳಲ್ಲಿ ಫೈಲು ಇಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ ದಂಡಾಧಿಕಾರಿ. ಫಲಕ ಬಿಚ್ಚುತ್ತಿದ್ದಂತೆ ಕಲ್ಲು ಬಂದವು. ಒಂದು ಅಪ್ಪನ ಹುಬ್ಬಿಗೆ ಬಿತ್ತು. ರಕ್ತ ಕಣ್ಣೊಳಗೆ ಇಳಿಯಿತು. ಎರಡೂ ಕೈಯಿಂದ ಕೋಲು ಹಿಡಿದಿದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ. ಬಿಟ್ಟರೆ ಬಟ್ಟೆ ಮಡಚಿ ಬೀಳುತ್ತದೆ, ಬರೆದದ್ದು ಜನರಿಗೆ ಕಾಣುವುದಿಲ್ಲ. "ಒಂದ ಕಣ್ಣಾಗ ನೋಡಕೋತ ನಿಂತೆ" ಎಂದಿದ್ದ ಅಪ್ಪ.

ಕಹಳೆ ಊದಿದರು. ದಂಡಾಧಿಕಾರಿ ಗುಜರಾತಿಯಲ್ಲಿ ಕೂಗಿ ಹೇಳಿದ. ಮೇಜರ್ ಸಾಹೇಬರು ಗಡಿಯಾರ ನೋಡುತ್ತ ನಿಂತರು. ಗುಂಪು ಮೊದಲು ಹಿಂದಿನಿಂದ ತೆಳುವಾಯಿತು, ಆಮೇಲೆ ಬದಿಯ ಸಂದಿಗಳಿಗೆ ಸರಿಯಿತು. ಅರ್ಧ ಗಂಟೆಯಲ್ಲಿ ಬೀದಿಯಲ್ಲಿ ಉಳಿದದ್ದು ಕಲ್ಲು ಮತ್ತು ಚಪ್ಪಲಿ. ಬಹಳ ಸಣ್ಣ ಅಳತೆಯ ಚಪ್ಪಲಿಗಳೂ ಇದ್ದವಂತೆ. ಆ ಮಾತು ಹೇಳುವಾಗ ಅಪ್ಪನ ದನಿ ಇಳಿಯುತ್ತಿತ್ತು. "ಆ ಮೇಜರ್ ಸಾಹೇಬ್ರು ಒಂದ ನಿಮಿಷ ಅವಸರ ಮಾಡಿದ್ರ, ಆ ಚಪ್ಪಲಿ ಹಾಕ್ಕೊಂಡಾವು ಮನಿಗೆ ಹೋಗತಿದ್ದಿಲ್ಲ."

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಗೋಡೆಯೇ ನಿಂತಿದೆ. ಅಮೃತಸರಕ್ಕೆ ಹೋದಾಗ ನೀನೂ ಅದರಲ್ಲಿನ ಗುಂಡಿನ ಗುರುತುಗಳನ್ನು ನೋಡಿದ್ದೀ. 1919ರ ಏಪ್ರಿಲ್ 13, ಬೈಸಾಖಿ. ಜಿಲ್ಲಾಧಿಕಾರಿ ಊರನ್ನು ಮೊದಲೇ ಸೇನೆಯ ಕೈಗೆ ಒಪ್ಪಿಸಿಬಿಟ್ಟಿದ್ದ. ಜಲಿಯನ್‌ವಾಲಾ ಬಾಗಿಗೆ ಸೇನಾಧಿಕಾರಿ ಡಯರ್ ಬಂದಾಗ ಅವನ ಪಕ್ಕದಲ್ಲಿ ದಂಡಾಧಿಕಾರಿ ಇರಲಿಲ್ಲ. ಎಚ್ಚರಿಕೆಯ ಮಾತಿಲ್ಲ. 50 ಬಂದೂಕು, ಸುಮಾರು ಹತ್ತು ನಿಮಿಷ, 1,650 ಗುಂಡು. ಸರ್ಕಾರದ ಲೆಕ್ಕದಲ್ಲೇ ಸತ್ತವರು 379. ಜನರ ಲೆಕ್ಕ ಅದಕ್ಕಿಂತ ಬಹಳ ದೊಡ್ಡದು. ಗುಂಡು ಹಾರಿಸದೆಯೂ ಗುಂಪನ್ನು ಚದುರಿಸಬಹುದಿತ್ತೇನೋ ಎಂದು ತನಿಖೆ ನಡೆಸಿದ ಹಂಟರ್ ಸಮಿತಿಯ ಮುಂದೆ ಡಯರ್ ತಾನೇ ಒಪ್ಪಿಕೊಂಡ. ಅವನಿಗೆ ಬೇಕಾಗಿದ್ದದ್ದು ಇಡೀ ಪಂಜಾಬಿಗೆ ಪಾಠ ಕಲಿಸುವುದು. ಚದುರಿಸುವ ಕೆಲಸ ಶಿಕ್ಷಿಸುವ ಕೆಲಸವಾದದ್ದು ಅಲ್ಲಿ. ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ. ಬೀದಿಯಲ್ಲಿ ನಿಂತ ಯಾವ ಸಮವಸ್ತ್ರಕ್ಕೂ, ಪೊಲೀಸಿನದಿರಲಿ ಸೇನೆಯದಿರಲಿ, ಅದು ಸೇರಿದ್ದಲ್ಲ.

ನಾನು ಭಾಗಿಸಿ ನೋಡಿದ್ದೇನೆ. ಅವತ್ತು ಒಬ್ಬೊಬ್ಬ ಸಿಪಾಯಿಯ ಪಾಲಿಗೆ 33 ಗುಂಡು. ಗುಜರಾತಿನ ಆ ಬೀದಿಯಲ್ಲಿ ಅಪ್ಪನ ಸೊಂಟಕ್ಕೆ 50 ಗುಂಡು ಇದ್ದವು.

ಇನ್ನು ನೀನು ಹೋಗುವ ಕಡೆಗೆ ಬರುತ್ತೇನೆ. ಅಲ್ಲಿ ದಂಡಾಧಿಕಾರಿ ಸ್ಥಳದಲ್ಲಿರಲೇಬೇಕೆಂಬ ಕಟ್ಟು ಇಲ್ಲ. ಸಶಸ್ತ್ರ ಪಡೆಗಳ ವಿಶೇಷ ಅಧಿಕಾರ ಕಾಯ್ದೆ, ಎಲ್ಲರ ಬಾಯಲ್ಲಿ ಅಫ್ಸ್ಪಾ, ಅಲ್ಲಿ ಜಾರಿಯಲ್ಲಿದೆ. ಇದರ ಬೇರು ಎಲ್ಲಿದೆ ಗೊತ್ತೇ? ಕ್ವಿಟ್ ಇಂಡಿಯಾ ಚಳವಳಿಯನ್ನು ಅಡಗಿಸಲು ವೈಸರಾಯ್ ಲಿನ್‌ಲಿತ್‌ಗೋ 1942ರ ಆಗಸ್ಟ್ 15ರಂದು ಹೊರಡಿಸಿದ ಸುಗ್ರೀವಾಜ್ಞೆಯಲ್ಲಿ. ಆಗ ನಮ್ಮ ಬೆಳಗಾವಿಯೂ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಮುತ್ತಜ್ಜನಂಥವರ ಮೇಲೆ ಪ್ರಯೋಗಿಸಲು ಬರೆದ ಕಾನೂನು ಅದು. ಅದರಲ್ಲಿ ಪ್ರಾಣ ತೆಗೆಯುವವರೆಗೆ ಬಲ ಬಳಸಲು ಆದೇಶ ಕೊಡುವ ಅಧಿಕಾರ ಕ್ಯಾಪ್ಟನ್ ದರ್ಜೆಗಿಂತ ಕೆಳಗಿನವರಿಗೆ ಇರಲಿಲ್ಲ. ನಿನ್ನ ಭುಜದ ಮೇಲಿರುವ ಎರಡು ನಕ್ಷತ್ರ ಅದಕ್ಕೆ ಸಾಲುತ್ತಿರಲಿಲ್ಲ. 1958ರಲ್ಲಿ ನಮ್ಮದೇ ಸಂಸತ್ತು ಅಸ್ಸಾಂ ಮತ್ತು ಮಣಿಪುರಕ್ಕಾಗಿ ಕಾಯ್ದೆ ಮಾಡಿದಾಗ ಆ ಅಧಿಕಾರ ನಾನ್ ಕಮಿಷನ್ಡ್ ಅಧಿಕಾರಿಯವರೆಗೆ ಇಳಿಯಿತು. ಮುಂದೆ ಹವಾಲ್ದಾರನಾದ ನಮ್ಮ ಅಪ್ಪನ ತೋಳಿನ ಮೂರು ಪಟ್ಟಿಗೂ ಆ ಅಧಿಕಾರವಿತ್ತು. ಅದನ್ನು ಹೇಳಿದಾಗ ಅಪ್ಪ ಹೆಮ್ಮೆಪಡಲಿಲ್ಲ. "ಅಷ್ಟು ಭಾರ ನಮ್ಮಂಥವರ ಮ್ಯಾಲ ಇಡಬಾರದಿತ್ತು" ಎಂದ.

ಪ್ರಕ್ಷುಬ್ಧ ಎಂದು ಘೋಷಿಸಿದ ಪ್ರದೇಶದಲ್ಲಿ ಐದು ಅಥವಾ ಹೆಚ್ಚು ಜನ ಸೇರಬಾರದೆಂಬ ಆದೇಶವಿದ್ದು ಅದನ್ನು ಮೀರಿದವರ ಮೇಲೆ, ಎಚ್ಚರಿಕೆ ಕೊಟ್ಟ ನಂತರ, ಗುಂಡು ಹಾರಿಸಬಹುದು. ವಾರಂಟ್ ಇಲ್ಲದೆ ಬಂಧಿಸಬಹುದು, ಮನೆ ಶೋಧಿಸಬಹುದು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ನಿನ್ನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಇಷ್ಟನ್ನು ಓದಿದರೆ ಸೇನೆಗೆ ದಾಟಬಾರದ ಗೆರೆಯೇ ಇಲ್ಲ ಅನ್ನಿಸುತ್ತದೆ. ಆದರೆ ಗೆರೆ ಇದೆ. ಕಾಯ್ದೆಯ 5ನೇ ಕಲಂ ಪ್ರಕಾರ ನೀನು ಹಿಡಿದವನನ್ನು, ಹಿಡಿದ ಸಂದರ್ಭದ ವರದಿಯೊಡನೆ, ಆದಷ್ಟು ಬೇಗ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಹಿಡಿದ 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ ಮಾತು. 1997ರ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು ನಿಜ. ಜೊತೆಗೇ ಪ್ರಕ್ಷುಬ್ಧ ಪ್ರದೇಶದ ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಮರುಪರಿಶೀಲಿಸಬೇಕೆಂದಿತು. ಸೇನೆ ತಾನೇ ಬರೆದುಕೊಂಡಿದ್ದ 'ಮಾಡಬೇಕಾದದ್ದು, ಮಾಡಬಾರದ್ದು' ಪಟ್ಟಿಯನ್ನು ಪಾಲಿಸಲೇಬೇಕಾದ ನಿಯಮ ಎಂದು ಸಾರಿತು.

ಆ ಪಟ್ಟಿಯನ್ನು ನೀನು ತರಬೇತಿಯಲ್ಲಿ ಓದಿರುತ್ತೀ. ಇನ್ನೊಮ್ಮೆ ಓದು, ಈ ಸಲ ಅಪ್ಪನನ್ನು ನೆನೆದುಕೊಂಡು. ಶೋಧನೆಗೆ ಹೋಗುವ ಮುಂಚೆ ಸ್ಥಳೀಯ ನಾಗರಿಕ ಅಧಿಕಾರಿಗಳಿಂದ ಖಚಿತ ಮಾಹಿತಿ ಪಡೆ, ಸಾಧ್ಯವಾದಷ್ಟೂ ಅವರ ಪ್ರತಿನಿಧಿಯನ್ನು ಜೊತೆಗೆ ಕರೆದುಕೊಂಡು ಹೋಗು. ಹೆಣ್ಣುಮಕ್ಕಳನ್ನು ಮಹಿಳಾ ಪೊಲೀಸರೇ ಶೋಧಿಸಬೇಕು. ಹಿಡಿದವನನ್ನು ಹಿಂಸಿಸಬೇಡ, ವಿಚಾರಣೆ ಮಾಡಬೇಡ. ದಂಗೆ ಹತ್ತಿಕ್ಕಲು ನಿಂತಾಗ ಕಹಳೆಯಿಂದಲೋ ಬೇರೆ ರೀತಿಯಿಂದಲೋ ಜನರ ಗಮನ ಸೆಳೆ. ಗುಂಡು ನಿಜವಾಗಿಯೂ ತಾಗುವಂಥದ್ದು ಎಂದು ಅಲ್ಲಿನ ಭಾಷೆಯಲ್ಲಿ ಎಚ್ಚರಿಸು. ಹಾರಿಸಿದರೆ ಎಷ್ಟು ಹಾರಿಸಿದೆ ಎಂದು ಎಣಿಸಿ ಬರೆದಿಡು. ಉದ್ದೇಶ ಈಡೇರಿದ ಕ್ಷಣಕ್ಕೆ ನಿಲ್ಲಿಸು. ಗಾಯಗೊಂಡವರನ್ನು ನೋಡಿಕೋ. ಮತಭೇದ ಮಾಡಬೇಡ. ಉಡುಗೊರೆ ತೆಗೆದುಕೊಳ್ಳಬೇಡ. ಇವನ್ನೆಲ್ಲ ಯಾರೋ ಹೊರಗಿನವರು ನಿಮ್ಮ ಮೇಲೆ ಹೇರಿದ್ದಲ್ಲ. ಗುಂಪಿನೆದುರು ನಿಂತು ಬಂದ ಸೈನಿಕರ ಅನುಭವ ಅದರ ಒಂದೊಂದು ಸಾಲಿನಲ್ಲೂ ಇದೆ.

ಈ ಸಾಲುಗಳನ್ನು ಮರೆತ ಒಂದು ಸಂಜೆಯ ಹೆಸರು ಓಟಿಂಗ್. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಹಳ್ಳಿ. 2021ರ ಡಿಸೆಂಬರ್ 4, ಶನಿವಾರ. ಕಲ್ಲಿದ್ದಲು ಗಣಿಯಲ್ಲಿ ದುಡಿದ ಹುಡುಗರು ಪಿಕಪ್ ವಾಹನದಲ್ಲಿ ಮನೆಗೆ ಹೊರಟಿದ್ದರು. ಸೇನೆಯ ವಿಶೇಷ ಪಡೆ ಅವರನ್ನು ಉಗ್ರರೆಂದು ತಿಳಿದು ಗುಂಡು ಹಾರಿಸಿತು. ಆರು ಮಂದಿ ಸತ್ತರು. ಆಮೇಲೆ ಸಿಟ್ಟಿಗೆದ್ದ ಊರಿನವರ ಜೊತೆ ನಡೆದ ಘರ್ಷಣೆಯಲ್ಲಿ ಇನ್ನಷ್ಟು ಜನ ಸತ್ತರು, ಒಬ್ಬ ಸೈನಿಕನೂ ಸತ್ತ. ಗುರುತು ತಪ್ಪಿ ಆದದ್ದೆಂದು ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ರಾಜ್ಯದ ವಿಶೇಷ ತನಿಖಾ ತಂಡ 30 ಸೈನಿಕರ ಮೇಲೆ ಆರೋಪಪಟ್ಟಿ ಹಾಕಿತು. ಮೊಕದ್ದಮೆಗೆ ಕೇಂದ್ರ ಅನುಮತಿ ನಿರಾಕರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ವ್ಯಾಜ್ಯವನ್ನು ಮುಗಿಸಿತು, ಮುಂದೆ ಅನುಮತಿ ಸಿಕ್ಕರೆ ನಡೆಸಬಹುದೆಂದಿತು. ಸತ್ತವರ ತಾಯಂದಿರಿಗೆ ನ್ಯಾಯಾಲಯದ ಮುಖ ಕಾಣಲಿಲ್ಲ. ಆ 30 ಸೈನಿಕರ ಬಗ್ಗೆಯೂ ಯೋಚಿಸಿದ್ದೇನೆ. ತಪ್ಪಿತಸ್ಥ ಎಂದೋ ನಿರ್ದೋಷಿ ಎಂದೋ ನ್ಯಾಯಾಧೀಶರ ಬಾಯಿಂದ ಕೇಳದೆ ಅವರೂ ಬದುಕು ಕಳೆಯಬೇಕು. ವಿಚಾರಣೆಯೇ ಇಲ್ಲದ ರಕ್ಷಣೆ ಒಳ್ಳೆಯ ಸೈನಿಕನಿಗೂ ರಕ್ಷಣೆಯಲ್ಲ.

ಮಣಿಪುರದ ಕಥೆ ಇನ್ನೂ ಹತ್ತಿರದ್ದು, ಏಕೆಂದರೆ ಅದರ ಸತ್ಯ ಬಗೆದವರಲ್ಲಿ ನಮ್ಮ ನಾಡಿನವರಿದ್ದರು. 1,528 ಜನರನ್ನು ನಕಲಿ ಎನ್‌ಕೌಂಟರ್‌ನಲ್ಲಿ ಕೊಲ್ಲಲಾಗಿದೆ ಎಂದು ಅಲ್ಲಿನ ಸಂತ್ರಸ್ತ ಕುಟುಂಬಗಳು ಸುಪ್ರೀಂ ಕೋರ್ಟಿಗೆ ಹೋದವು. ಮಣಿಪುರದ ಪೊಲೀಸರ ಮೇಲೂ ಆರೋಪವಿತ್ತು, ಸೇನೆ ಮತ್ತು ಅಸ್ಸಾಂ ರೈಫಲ್ಸ್ ಮೇಲೂ ಇತ್ತು. 2013ರಲ್ಲಿ ಕೋರ್ಟು ಆಯೋಗ ರಚಿಸಿತು. ಅಧ್ಯಕ್ಷರು ನಮ್ಮ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಸದಸ್ಯರಲ್ಲಿ ಒಬ್ಬರು ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ, ಇನ್ನೊಬ್ಬರು ಕರ್ನಾಟಕ ಪೊಲೀಸಿನ ಮುಖ್ಯಸ್ಥರಾಗಿದ್ದ ಅಜಯ್ ಕುಮಾರ್ ಸಿಂಗ್. ಅವರಿಗೆ ಕೊಟ್ಟದ್ದು ಆರು ಪ್ರಕರಣ. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲವೆಂದು ಅವರು ವರದಿ ಕೊಟ್ಟರು. ಸತ್ತವರಲ್ಲಿ ಒಬ್ಬನಿಗೆ ಹನ್ನೆರಡೇ ವರ್ಷ. ನಾನು ಆ ಸಾಲಿಗೆ ಬಂದಾಗ ವರದಿ ಮುಚ್ಚಿಟ್ಟು ನಿನ್ನ ಕೋಣೆಗೆ ಹೋಗಿ ನೋಡಿದ್ದೆ. ಆಗ ನಿನಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಹೊದಿಕೆ ಒದ್ದುಹಾಕಿ ಮಲಗಿದ್ದೆ.

2016ರ ಜುಲೈ 8ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ಯು.ಯು. ಲಲಿತ್ ತೀರ್ಪಿತ್ತರು. ಪ್ರಕ್ಷುಬ್ಧ ಪ್ರದೇಶದಲ್ಲಿ ಆಯುಧ ಹಿಡಿದವರೆಲ್ಲ ಶತ್ರುಗಳಾಗಿಬಿಡುವುದಿಲ್ಲ. ಅತಿಯಾದ ಬಲ, ಸೇಡಿನ ಬಲ ಅಲ್ಲಿಯೂ ಸಲ್ಲದು. ಸತ್ತವನು ಸಾಮಾನ್ಯನಿರಲಿ ಉಗ್ರನಿರಲಿ, ಕೊಂದವನು ಯಾರೇ ಇರಲಿ, ಕಾನೂನು ಒಂದೇ. ವರ್ಷಗಟ್ಟಲೆ ಸೇನೆಯನ್ನು ಇಟ್ಟೇ ಇರುವುದು ಪ್ರಜಾಪ್ರಭುತ್ವವನ್ನು ಅಣಕಿಸಿದಂತೆ ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಗಾಳಿ ಬದಲಾಗಿದೆ. ತ್ರಿಪುರಾದಲ್ಲಿ 2015ರಲ್ಲೇ ಈ ಕಾಯ್ದೆ ಹಿಂದೆ ಸರಿದಿತ್ತು, ಮೇಘಾಲಯದಲ್ಲಿ 2018ರಲ್ಲಿ ಸರಿಯಿತು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ 23 ಜಿಲ್ಲೆಗಳಿಂದ ಪೂರ್ತಿಯಾಗಿ ತೆಗೆದರು.

ಇಷ್ಟು ಬರೆದು ಒಂದು ಮಾತು ಬಿಟ್ಟರೆ ನಿನಗೆ ಮೋಸ ಮಾಡಿದಂತಾಗುತ್ತದೆ. ಗೆರೆಯ ನೆಪ ಹೇಳಿ ಜನರನ್ನು ಕೈಬಿಟ್ಟದ್ದೂ ಇದೆ. ಅಮೆರಿಕದಲ್ಲಿ ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದೆಂಬ ಕಾನೂನು 1878ರಲ್ಲೇ ಬಂತು, ಇವತ್ತಿಗೂ ಅಲ್ಲಿನ ನಾಗರಿಕರಿಗೆ ಅದು ದೊಡ್ಡ ಆಸರೆ. ಆದರೆ ಅದು ಬಂದ ಹೊತ್ತು ಯಾವುದು? ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಮತದ ಹಕ್ಕನ್ನು ದಕ್ಷಿಣದ ರಾಜ್ಯಗಳಲ್ಲಿ ಕಾಯುತ್ತಿದ್ದ ಪಡೆಗಳನ್ನು ಅದರ ಹಿಂದಿನ ವರ್ಷವಷ್ಟೇ ಹಿಂದಕ್ಕೆ ಕರೆಸಿಕೊಂಡಿದ್ದರು. ಸೈನಿಕ ಹೋದ ಮೇಲೆ ಅವರನ್ನು ಕಾಯುವವರು ಉಳಿಯಲಿಲ್ಲ. ನಮ್ಮಲ್ಲೂ 1984ರ ನವೆಂಬರ್‌ನಲ್ಲಿ ದೆಹಲಿಯ ಹಿಂಸಾಚಾರದಲ್ಲಿ 2,733 ಸಿಖ್ಖರು ಸತ್ತರೆಂಬುದು ಸರ್ಕಾರಿ ಲೆಕ್ಕ. ಸೇನೆ ಅದೇ ಊರಿನ ದಂಡು ಪ್ರದೇಶದಲ್ಲಿತ್ತು. ಸಕಾಲಕ್ಕೆ ಕರೆದಿದ್ದರೆ ಬಹಳ ಜೀವ ಉಳಿಯುತ್ತಿತ್ತೆಂದು ಅದರ ತನಿಖೆ ನಡೆಸಿದ ರಂಗನಾಥ್ ಮಿಶ್ರಾ ಆಯೋಗ ಹೇಳಿತು.

ಆದ್ದರಿಂದ ಗೆರೆಯನ್ನು ಕೆಲಸ ತಪ್ಪಿಸಿಕೊಳ್ಳುವ ನೆಪವಾಗಿ ನೀನು ಎಂದೂ ಹಿಡಿಯಬೇಡ. ಮನೆಗೆ ಬೆಂಕಿ ಬಿದ್ದಿರುವಾಗ, ದಂಡಾಧಿಕಾರಿಯ ಫೋನು ಹತ್ತದಿರುವಾಗ, 150ನೇ ಕಲಂ ಇರುವುದೇ ನಿನ್ನಂಥವನಿಗಾಗಿ. ಆಗ ಮುಂದಾಗದಿರುವುದೂ ತಪ್ಪು. ಮುಂದಾಗು, ಜನರನ್ನು ಕಾಯಿ, ಫೋನು ಹತ್ತಿದ ಕೂಡಲೇ ವರದಿ ಮಾಡು. ಕರೆದರೆ ಬರುವುದು, ಕೆಲಸ ಮುಗಿದರೆ ಹೊರಡುವುದು, ಎರಡೂ ಕೂಡಿದರೇ ಆ ಗೆರೆ.

ನಿನ್ನ ಪ್ರಶ್ನೆಗೆ ಅಪ್ಪ ಕೊಡುತ್ತಿದ್ದ ಉತ್ತರ ಚಿಕ್ಕದು. "ಕೊಡ್ಲಿಲೆ ಕಾಯಿಪಲ್ಲೆ ಹೆಚ್ಚಬಾರದೋ. ಪಲ್ಲೆನೂ ಕೆಡತೈತಿ, ಕೊಡ್ಲಿನೂ ಮೊಂಡ ಆಗತೈತಿ." ಪಲ್ಲೆ ಕೆಡುವುದನ್ನು ಎಲ್ಲರೂ ಹೇಳುತ್ತಾರೆ. ಅಕ್ಕನಾಗಿ ನನಗೆ ಹೆಚ್ಚು ಕಾಡುವುದು ಕೊಡಲಿ ಮೊಂಡಾಗುವ ಮಾತು. ಗಡಿಯಾಚೆಗಿನ ಶತ್ರುವನ್ನು ಎದುರಿಸಲು ನಿನ್ನನ್ನು ತಯಾರು ಮಾಡಿದ್ದಾರೆ. ಅಲ್ಲಿ ಕ್ಷಣ ತಡ ಮಾಡಿದರೆ ನಿನ್ನ ಜವಾನರು ಸಾಯುತ್ತಾರೆ, ಹಾಗಾಗಿ ಅನುಮಾನವೇ ಗುಂಡಿಗೆ ಸಾಕಾಗುವಂತೆ ಮನಸ್ಸು ಪಳಗಿರುತ್ತದೆ. ಅದೇ ಮನಸ್ಸನ್ನು ಹೊತ್ತು ಸಂತೆಯ ದಿನ ಬೀದಿಯಲ್ಲಿ ನಿಂತರೆ, ಹಾಲಿನ ಕ್ಯಾನು ಹೊತ್ತವನೂ ಶಾಲೆ ಬಿಟ್ಟ ಮಕ್ಕಳೂ ಶತ್ರುವಿನ ಥರ ಕಾಣತೊಡಗುತ್ತಾರೆ. ಪೊಲೀಸನದು ಬೇರೆ ವಿದ್ಯೆ. ನಾಳೆಯೂ ನಾಡಿದ್ದೂ ಅವನು ಅದೇ ಊರಲ್ಲಿ ಅದೇ ಜನರ ಮುಖ ನೋಡಬೇಕು. ಪೊಲೀಸಿನ ಕೆಲಸ ಕೆಟ್ಟರೆ ಪೊಲೀಸನ್ನು ಸರಿಮಾಡಬೇಕು. ಅದರ ಬದಲಿಗೆ ಪ್ರತಿ ಸಲ ನಿಮ್ಮನ್ನು ಕಳಿಸುತ್ತ ಹೋದರೆ ಪೊಲೀಸೂ ಸರಿಯಾಗುವುದಿಲ್ಲ, ನೀವೂ ಉಳಿಯುವುದಿಲ್ಲ. ಒಂದು ಊರನ್ನು ವರ್ಷಗಟ್ಟಲೆ ಗುರಿಯ ಕಿಂಡಿಯಲ್ಲಿ ನೋಡಿದವನು ರಜೆಗೆ ಬಂದಾಗ ನಮ್ಮ ಊರನ್ನೂ ಹಾಗೆಯೇ ನೋಡಿದರೆ ಏನು ಮಾಡಲಿ? ನನಗಿರುವ ಭಯ ಇದೊಂದೇ.

2019ರ ಆಗಸ್ಟ್ ನಿನಗೆ ನೆನಪಿರಬೇಕು. ನೆರೆ ಬಂದು ನಮ್ಮ ಜಿಲ್ಲೆಯ ಊರೂರು ಮುಳುಗಿದಾಗ ಜಿಲ್ಲಾಡಳಿತ ಸೇನೆಯನ್ನು ಕರೆಯಿತು. ಅದೂ ನಾಗರಿಕ ಆಡಳಿತಕ್ಕೆ ನೆರವೇ. ಸೋದರತ್ತೆಯನ್ನು ಮಾಳಿಗೆಯಿಂದ ದೋಣಿಗೆ ಇಳಿಸಿದ ಜವಾನನ ಭಾಷೆ ಅವಳಿಗೆ ತಿಳಿಯಲಿಲ್ಲ. ಆದರೂ ಎಮ್ಮೆಯನ್ನು ಬಿಟ್ಟು ಬರಲಾರೆನೆಂದು ಅವಳು ಅತ್ತಾಗ ಅವನು ಹಗ್ಗ ಬಿಚ್ಚಿ ಎಮ್ಮೆಯನ್ನು ದಿಬ್ಬಕ್ಕೆ ಹೊಡೆದು ಬಂದ. ಇವತ್ತಿಗೂ ದೇವರಿಗೆ ದೀಪ ಹಚ್ಚುವಾಗ ಹೆಸರು ಗೊತ್ತಿಲ್ಲದ ಆ ಹುಡುಗನಿಗೆ ಒಳ್ಳೆಯದಾಗಲಿ ಅನ್ನುತ್ತಾಳೆ. ನೀನು ಸೇನೆಗೆ ಸೇರುತ್ತೇನೆಂದು ಮೊದಲ ಸಲ ಹೇಳಿದ್ದು ಅದೇ ವಾರ. ಅವತ್ತು ನಿನಗೆ ಕಂಡ ಸೇನೆ ಅದು. ನೀನು ಹೋಗುವ ಗುಡ್ಡದ ಊರಿನಲ್ಲೂ ಒಬ್ಬ ಮುದುಕಿ ಇರುತ್ತಾಳೆ. ಅವಳಿಗೆ ಕಾಣುವ ಸೇನೆ ಯಾವುದೆಂಬುದು ನಿನ್ನ ಕೈಯಲ್ಲಿದೆ.

ಹೋದ ಮೊದಲ ವಾರವೇ ಅಲ್ಲಿನವರ ಭಾಷೆಯಲ್ಲಿ ಕೆಲವು ಮಾತು ಕಲಿ. 'ನಿಲ್ಲು' ಎನ್ನುವುದನ್ನು ನಿನಗೆ ಕಲಿಸಿಯೇ ಕಲಿಸುತ್ತಾರೆ. 'ಹೆದರಬೇಡ', 'ನೀರು ಕುಡಿ', 'ಮನೆ ಎಲ್ಲಿ' ಇವನ್ನು ನೀನೇ ಕೇಳಿ ಕಲಿಯಬೇಕು. ಠಾಣೆಯ ಅಧಿಕಾರಿಯ ನಂಬರನ್ನೂ ದಂಡಾಧಿಕಾರಿಯ ನಂಬರನ್ನೂ ಕಾಗದದ ಮೇಲೂ ಬರೆದಿಟ್ಟುಕೋ. ನಿನ್ನ ಜವಾನರಲ್ಲಿ ಯಾರಾದರೂ ಹಿಡಿದವನ ಮೇಲೆ ಕೈ ಎತ್ತಿದರೆ ಮೊದಲ ಸಲವೇ ತಡೆ. ಎರಡನೆಯ ಸಲಕ್ಕೆ ಬಿಟ್ಟರೆ ಅದು ರೂಢಿಯಾಗುತ್ತದೆ.

ಅವ್ವ ಶೇಂಗಾ ಚಟ್ನಿಪುಡಿ, ಖಾರ ಹಚ್ಚಿದ ಚುರುಮುರಿ, ಒಂದು ಡಬ್ಬಿ ಕುಂದಾ ಕಟ್ಟಿಟ್ಟಿದ್ದಾಳೆ. ಅದರ ಜೊತೆ ನಾನು ಇನ್ನೊಂದನ್ನು ಇಟ್ಟಿದ್ದೇನೆ.

ಅಪ್ಪನ ಟ್ರಂಕಿನ ತಳದಲ್ಲಿ ಸಿಕ್ಕ ಜೇಬು ಪುಸ್ತಕ ಅದು. ಒಂದು ಹಾಳೆಯ ಮೇಲೆ ಮೂರು ಸಾಲು ಗೊತ್ತಿಲ್ಲದ ಲಿಪಿ, ಅಕ್ಷರ ಕಲಿಯುವ ಮಗು ಬರೆದಂತೆ ಸೊಟ್ಟಸೊಟ್ಟಗೆ. ಪೇಟೆಯಲ್ಲಿ ನಾವು ಸೀರೆ ತರುವ ಅಂಗಡಿಯ ಗುಜರಾತಿ ಅಜ್ಜನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ಓದಿದರು. ಚದುರಿ ಹೋಗಿರಿ, ಇಲ್ಲದಿದ್ದರೆ ಗುಂಡು ಹಾರುತ್ತದೆ ಎಂದು. ಆ ಬಟ್ಟೆಯ ಮೇಲಿದ್ದ ಮಾತು. ಓದಲು ಬಾರದ ಅಕ್ಷರಗಳನ್ನು ಅಪ್ಪ ಅವತ್ತು ರಾತ್ರಿ ಒಂದೊಂದಾಗಿ ನೋಡಿ ಇಳಿಸಿಕೊಂಡಿರಬೇಕು. ತಾನು ಜನರಿಗೆ ಏನು ಹೇಳುತ್ತ ನಿಂತಿದ್ದೆ ಎಂಬುದು ತನಗೆ ಗೊತ್ತಿರಬೇಕೆಂದು ಅವನಿಗೆ ಅನ್ನಿಸಿರಬೇಕು.

ಅದರ ಕೆಳಗೆ ಕನ್ನಡದಲ್ಲಿ ಒಂದೇ ಸಾಲಿದೆ: 'ಒಯ್ದದ್ದು 50. ಮರಳಿ ಕೊಟ್ಟದ್ದು 50.'

ಮುಂದಿನ ಹಾಳೆಗಳೆಲ್ಲ ಖಾಲಿ ಇವೆ. ನೀನು ಬರೆದುಕೋ.

ನಿನ್ನ
ಅಕ್ಕ